ಯಂತ್ರದ ಎಣಿಕೆಯಲ್ಲಿ ಕನ್ನಡದ ಅಕ್ಷರ



ಕಾನ್ಪುರದಲ್ಲಿ ಹುಟ್ಟಿದ ಜಿಸ್ಟ್ ತಂತ್ರಜ್ಞಾನವನ್ನು ಬೆಳೆಸಿ ಗಣಕಯಂತ್ರದಲ್ಲಿ ಭಾರತೀಯ ಲಿಪಿಗಳಿಗೆ ನೆಲೆ ಒದಗಿಸಿದ್ದು, 1988ರಲ್ಲಿ ನಮ್ಮ ಪುಣೆಯಲ್ಲಿಯೇ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆ. 1991ರ ‘ಇಸ್ಕಿ’ ಮಾನಕದಲ್ಲಿ ಕನ್ನಡದ ಕಕಾರಕ್ಕೂ ನಾಗರಿಯ ಕಕಾರಕ್ಕೂ ಒಂದೇ ಸಂಕೇತವಿತ್ತು. ಯೂನಿಕೋಡ್ ನಮ್ಮ ಲಿಪಿಗೆ ಪ್ರತ್ಯೇಕ ಸ್ಥಾನವನ್ನಿತ್ತಿತು.

ಆದರೂ ತೊಡಕು ಉಳಿದಿದೆ. ‘ಕನ್ನಡ’ ಎಂಬ ಪದ ನಮ್ಮ ಕಣ್ಣಿಗೆ 3 ಅಕ್ಷರ, ಯೂನಿಕೋಡಿಗೆ 5 ಸಂಕೇತ, ಯುಟಿಎಫ್-8 ಕಡತದಲ್ಲಿ 15 ಬೈಟು. ಇಂಗ್ಲಿಷಿನ ಅಳತೆಯಲ್ಲಿ 10 ಬೈಟು ಸಾಕೆಂದು ಬರೆದ ಪ್ರೋಗ್ರಾಮು ಅದನ್ನು ಕತ್ತರಿಸಿದರೆ ಉಳಿಯುವುದು ‘ಕನ್’ ಮತ್ತೊಂದು ಭಗ್ನ ಚಿಹ್ನೆ. ದಾಖಲೆಗಳಲ್ಲಿ ನಮ್ಮ ಹೆಸರುಗಳಿಗೂ, ನೆರೆಯ ಮರಾಠಿ ಬಂಧುಗಳ ಹೆಸರುಗಳಿಗೂ ಇದೇ ಗತಿಯಾದೀತು.

ಆದುದರಿಂದ ತಂತ್ರಾಂಶ ರಚಿಸುವ ನಮ್ಮ ತರುಣರಲ್ಲಿ ವಿನಂತಿ: ಪದವನ್ನು ಅಕ್ಷರದ ಗಡಿಯಲ್ಲಿಯೇ ಕತ್ತರಿಸಿರಿ, ಪ್ರತಿಯೊಂದು ಪ್ರೋಗ್ರಾಮನ್ನೂ ಒತ್ತಕ್ಷರವುಳ್ಳ ಹೆಸರಿನಿಂದಲೇ ಮೊದಲು ಪರೀಕ್ಷಿಸಿರಿ.