ಕರಿ ಹೊಗೆ ಬಂದ್ರೆ ಪವರ್ ಬಂದ ಹಾಗಾ?

ಮೊಬೈಲ್‌ನಲ್ಲಿ ಈ ವಿಡಿಯೋಗಳನ್ನ ನೀವೂ ನೋಡಿರ್ತೀರಿ. ಅಮೆರಿಕದ ರಸ್ತೆ. ಆನೆಯಂಥ ಡೀಸೆಲ್ ಪಿಕಪ್ ಟ್ರಕ್. ಡ್ರೈವರ್ ಆಕ್ಸಿಲರೇಟರ್ ಒತ್ತಿದ್ದೇ ತಡ, ಹಿಂದೆ ಕರಿ ಮೋಡ. ಪಕ್ಕದಲ್ಲಿ ಸೈಕಲ್ ತುಳೀತಿದ್ದವನಿಗೆ ದಾರಿಯೇ ಕಾಣಲ್ಲ. ಇದಕ್ಕೆ ಅಲ್ಲಿ ‘ರೋಲಿಂಗ್ ಕೋಲ್’ ಅಂತಾರೆ. ನೋಡಿದವರು ‘ಏನ್ ಪವರ್ ಗುರೂ!’ ಅಂತ ಬಾಯಿ ಬಿಡ್ತಾರೆ.

ನಿಜವಾಗ್ಲೂ ಅದು ಪವರ್ರಾ? ನಾನು ಓದಿದ್ದು ಎಂಜಿನಿಯರಿಂಗ್. ಹೇಳ್ತೀನಿ ಕೇಳಿ: ಅಲ್ಲ.

ಒಂದ್ಸಲ ಅಡುಗೆಮನೆಗೆ ಬನ್ನಿ. ಗ್ಯಾಸ್ ಒಲೆಯ ಉರಿ ನೀಲಿ ಇದ್ದರೆ ಗಾಳಿ ಸರಿಯಾಗಿ ಸೇರ್ತಿದೆ ಅಂತ ಅರ್ಥ. ಉರಿ ಹಳದಿಯಾದರೆ? ಪಾತ್ರೆಯ ತಳವೆಲ್ಲ ಮಸಿ. ಗ್ಯಾಸ್ ಖರ್ಚಾಯ್ತು, ಬಿಸಿ ಬರಲಿಲ್ಲ. ಎಂಜಿನ್ ಕಥೆಯೂ ಇಷ್ಟೇ.

ಪೆಟ್ರೋಲ್ ಟ್ರಕ್ಕನ್ನೇ ತಗೊಳ್ಳಿ. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಕೆ.ಜಿ. ಗಾಳಿ ಬೇಕು. ಆರಾಮಾಗಿ ಓಡುವಾಗ ಗಾಡಿಯ ಕಂಪ್ಯೂಟರ್ ಈ ಲೆಕ್ಕ ಕಾಯುತ್ತೆ. ಆದರೆ ಟರ್ಬೋ ಕೂರಿಸಿದ ಟ್ರಕ್ ಫುಲ್ ಸ್ಪೀಡಿಗೆ ಎಳೆಯುವಾಗ ಟ್ಯೂನರ್‌ಗಳು ಗಾಳಿಯ ಪಾಲನ್ನ 12ರ ಆಸುಪಾಸಿಗೆ ಇಳಿಸ್ತಾರೆ. ಅಂದ್ರೆ ಪೆಟ್ರೋಲ್ ಸ್ವಲ್ಪ ಜಾಸ್ತಿ. ಯಾಕೆ? ಆ ಹೆಚ್ಚಿನ ಪೆಟ್ರೋಲ್ ಆವಿಯಾಗುತ್ತಾ ಸಿಲಿಂಡರಿನ ಬಿಸಿ ತಗ್ಗಿಸುತ್ತೆ. ಅಲ್ಲಿ ಜಿಪುಣತನ ಮಾಡಿದರೆ ನಾಕಿಂಗ್ ಶುರುವಾಗಿ ಪಿಸ್ಟನ್ನೇ ತೂತು ಬೀಳಬಹುದು.

ಡೀಸೆಲ್‌ನಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಗಾಳಿ ಯಾವಾಗಲೂ ಜಾಸ್ತಿಯೇ ಇರಬೇಕು. ಡೀಸೆಲ್ ಹೆಚ್ಚಿಸಿದರೆ ಪವರ್ ಏರುತ್ತೆ, ಸುಳ್ಳಲ್ಲ. ಆದರೆ ಒಂದು ಹಂತ ದಾಟಿದ ಮೇಲೆ ಗಾಳಿ ಸಾಲಲ್ಲ. ಪೂರ್ತಿ ಉರಿಯದ ಡೀಸೆಲ್ ಮಸಿಯಾಗಿ ಆಚೆ ಬರುತ್ತೆ. ಹೊರಬರೋ ಅನಿಲದ ಬಿಸಿ ಏರಿ ಟರ್ಬೋಗೂ ಪಿಸ್ಟನ್‌ಗೂ ಏಟು. ಕೆಲಸ ಗೊತ್ತಿರೋ ಟ್ಯೂನರ್ ಎಕ್ಸಾಸ್ಟ್ ಪೈಪಿಗೆ ಸೆನ್ಸರ್ ಕೂರಿಸಿ, ಅಂಕಿ ನೋಡಿ ಟ್ಯೂನ್ ಮಾಡ್ತಾನೆ. ದಟ್ಟ ಹೊಗೆ ಕಂಡರೆ ಡೀಸೆಲ್ ಇಳಿಸ್ತಾನೆ, ಇಲ್ಲಾಂದ್ರೆ ದೊಡ್ಡ ಟರ್ಬೋ ಹಾಕಿ ಗಾಳಿ ಏರಿಸ್ತಾನೆ.

ಹಾಗಾದ್ರೆ ಆ ಕರಿ ಮೋಡ ಯಾತಕ್ಕೆ? ಬರೀ ಶೋಕಿಗೆ! ಅದಕ್ಕಾಗಿ ಹೊಗೆ ಸೋಸುವ ಫಿಲ್ಟರನ್ನೇ ಕಿತ್ತು ಬಿಸಾಡ್ತಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಒಂದು ಲೆಕ್ಕ ಕೊಟ್ಟಿತು. ಹತ್ತು ವರ್ಷದಲ್ಲಿ ಮಾಲಿನ್ಯ ತಡೆಯೋ ವ್ಯವಸ್ಥೆ ತೆಗೆದುಹಾಕಿದ ಡೀಸೆಲ್ ಪಿಕಪ್‌ಗಳು 5,50,000ಕ್ಕೂ ಹೆಚ್ಚು. ಇವೆಲ್ಲ ಶೋಕಿಯ ಗಾಡಿಗಳಲ್ಲದಿರಬಹುದು, ವಿಷ ಉಗುಳೋದು ಮಾತ್ರ ಒಂದೇ. ನ್ಯೂಜೆರ್ಸಿ ರಾಜ್ಯವಂತೂ 2015ರಲ್ಲೇ ರೋಲಿಂಗ್ ಕೋಲ್ ನಿಷೇಧಿಸಿತು.

‘ನನ್ನ ಗಾಡಿ, ನನ್ನ ದುಡ್ಡು, ನನ್ನಿಷ್ಟ’ ಅನ್ನೋ ವಾದ ಇದ್ದೇ ಇದೆ. ಸರಿ, ಗಾಡಿ ನಿಮ್ಮದೇ ಸ್ವಾಮಿ. ಟರ್ಬೋ ಸುಟ್ಟರೆ ಖರ್ಚೂ ನಿಮ್ಮದೇ. ಆದರೆ ಆ ಮಸಿ ಕುಡಿದ ಸೈಕಲ್ ಸವಾರನ ಶ್ವಾಸಕೋಶ? ಅದೂ ನಿಮ್ಮದೇನಾ? ಮುಂದಿನ ಸಲ ಅಂಥ ವಿಡಿಯೋ ಬಂದರೆ, ಲೈಕ್ ಒತ್ತೋ ಮುಂಚೆ ಇದೊಂದು ಪ್ರಶ್ನೆ ಕೇಳಿಕೊಳ್ಳಿ.