ಮಗಳ ಓದು, ಮಗಳ ಹಕ್ಕು
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



"ಹೆಣ್ಣುಮಗಳನ್ನು ಹೊರದೇಶಕ್ಕೆ ಕಳಿಸಿ ಓದಿಸಿದರೆ ಊರಿಗೇನು ಲಾಭ?" ಎಂದು ಹಲವರು ನಮ್ಮನ್ನು ಕೇಳುತ್ತಾರೆ. ಕೇಳುವುದು ತಪ್ಪಲ್ಲ, ಅದು ನೀವು ಬೆವರು ಸುರಿಸಿ ದುಡಿದ ಹಣ. ಉತ್ತರವಾಗಿ ಇಬ್ಬರು ಮಹಿಳೆಯರನ್ನು ನೆನೆಯುತ್ತೇವೆ.

ಕಾರ್ನೇಲಿಯಾ ಸೊರಾಬ್ಜಿ 1889ರಲ್ಲಿ ಆಕ್ಸ್‌ಫರ್ಡ್‌ಗೆ ಹೋದರು. 1892ರಲ್ಲಿ ಕಾನೂನು ಪರೀಕ್ಷೆ ಮುಗಿಸಿದರೂ, ಹೆಣ್ಣೆಂಬ ಕಾರಣಕ್ಕೆ ಪದವಿ ಸಿಕ್ಕಿದ್ದು 1922ರಲ್ಲಿ! ಅವರು ಕೈಕಟ್ಟಿ ಕೂರಲಿಲ್ಲ. 1904ರಿಂದ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್ ಪರವಾಗಿ ಪರ್ದಾದೊಳಗಿನ ಹೆಂಗಸರಿಗೆ ಕಾನೂನು ಸಲಹೆ ನೀಡಿದರು. ಆ ಹೆಂಗಸರಿಗೆ ಆಸ್ತಿಯಿತ್ತು, ಆದರೆ ಗಂಡಸು ವಕೀಲರೆದುರು ಕೂತು ಮಾತಾಡುವಂತಿರಲಿಲ್ಲ. ಓದಿದ ಒಬ್ಬ ಹೆಣ್ಣುಮಗಳು ಅವರ ಒಳಮನೆಗೇ ಹೋಗಿ ಅವರ ಮಾತು ಕೇಳಿದರು.

ಇನ್ನೊಬ್ಬರು ನಮ್ಮ ಬೆಂಗಳೂರಿನವರೇ, ಇಕ್ಬಾಲುನ್ನಿಸಾ ಹುಸೇನ್. ಚಿಕ್ಕ ವಯಸ್ಸಿನಲ್ಲೇ ಮದುವೆ, ಏಳು ಮಕ್ಕಳು. ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಬಿ.ಎ. ಮುಗಿಸಿ, 1933ರಲ್ಲಿ ಇಂಗ್ಲೆಂಡಿನ ಲೀಡ್ಸ್‌ಗೆ ಓದಲು ಹೋದರು. ಮರಳಿ ಬಂದು 1940ರಲ್ಲಿ 'ಚೇಂಜಿಂಗ್ ಇಂಡಿಯಾ' ಪ್ರಕಟಿಸಿ, ಧರ್ಮ ಕೊಟ್ಟ ಹಕ್ಕನ್ನು ರೂಢಿ ಕಸಿಯುತ್ತಿದೆ ಎಂದು ದಿಟ್ಟವಾಗಿ ಹೇಳಿದರು.

ಈಗ ನಮ್ಮ ಮನೆಗಳಿಗೆ ಬರೋಣ. ಸೂರಃ ನಿಸಾದಲ್ಲಿ ಮಗಳ ಪಾಲು ಸ್ಪಷ್ಟವಾಗಿದೆ. ಮಹರ್ ಕೂಡ ಅವಳದೇ. ಆದರೆ ತಂದೆ ತೀರಿಕೊಂಡ ಮೇಲೆ ಏನಾಗುತ್ತದೆ? "ಅಣ್ಣಂದಿರಿಗೆ ಬಿಟ್ಟುಕೊಡಮ್ಮ, ನಾಳೆ ತವರು ಬೇಕಲ್ಲ" ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ನಾವೇ ಅಕ್ಷರ ಕಲಿಸಿದ ಹುಡುಗಿ ಪತ್ರ ಓದದೆ ಸಹಿ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಆಗ ನಾವೂ ಸುಮ್ಮನಿದ್ದೆವು. ಆ ನೋವು ಇನ್ನೂ ಹೋಗಿಲ್ಲ.

ವಿದೇಶದ ಪದವಿ ತಾನಾಗಿ ಹಕ್ಕು ತಂದುಕೊಡುವುದಿಲ್ಲ. ತನ್ನ ದುಡಿಮೆ, ತನ್ನ ಹೆಸರಿನ ಬ್ಯಾಂಕ್ ಖಾತೆ, "ಓದಿ ನೋಡಿ ಸಹಿ ಹಾಕುತ್ತೇನೆ" ಎನ್ನುವ ಧೈರ್ಯ, ಇವು ಜೊತೆಗಿರಬೇಕು. ಹಾಗೆ ನಿಂತ ಒಬ್ಬಳನ್ನು ನೋಡಿ ಬೀದಿಯ ಇನ್ನು ನಾಲ್ವರು ಕಾಗದ ಹಿಡಿದು ಬರುತ್ತಾರೆ. ದಾನಿಗಳೇ, ಊರಿಗೆ ಲಾಭವೆಂದರೆ ಇದೇ.

ಪೋಷಕರೇ, ಮದುವೆಯ ಚಿನ್ನಕ್ಕೆ ಕೂಡಿಸುವಂತೆ ಮಗಳ ಓದಿಗೂ ಕೂಡಿಸಿ. ಅವಳ ಪಾಲನ್ನು ನೀವು ಇರುವಾಗಲೇ ಗಂಡುಮಕ್ಕಳೆದುರು ಬಾಯಿಬಿಟ್ಟು ಹೇಳಿ. ಮಕ್ಕಳೇ, ಎಲ್ಲಿಗೆ ಹೋದರೂ ಊರಿನ ಅಕ್ಕತಂಗಿಯರನ್ನು ಮರೆಯಬೇಡಿ.

ಅಲ್ಲಾಹನು ದಾನಿಗಳ ದಾನವನ್ನು ಸ್ವೀಕರಿಸಲಿ. ಆಮೀನ್.