ಮನೆ ಕೊಳ್ಳುವ ಮೊದಲು ಪಟ್ಟಿ ಎಷ್ಟೆಂದು ಕೇಳಿರಿ
(ಅರಭಾವಿಯಲ್ಲಿ ಮಾಡಿದ ಭಾಷಣ)



ಘಟಪ್ರಭೆಯ ನೀರು ಕುಡಿದು ಬೆಳೆದ ಈ ಸೀಮೆಯ ಹುಡುಗ ಹುಡುಗಿಯರು ಇಂದು ಬೆಂಗಳೂರು, ಪುಣೆಗಳಲ್ಲಿ ದುಡಿಯುತ್ತಿದ್ದಾರೆ. ಅಲ್ಲಿ ಒಂದು ಫ್ಲ್ಯಾಟು ಕೊಳ್ಳಬೇಕೆಂದರೆ ಇಲ್ಲಿ ತಂದೆಯ ಹೊಲ ಮಾರಾಟಕ್ಕೆ ಬರುತ್ತದೆ. ಆದುದರಿಂದ ಇದು ಪಟ್ಟಣದ ಶ್ರೀಮಂತರ ಚಿಂತೆ ಎಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ.

ಹೊಲ ಕೊಳ್ಳುವಾಗ ನಾವು ಏನೇನು ವಿಚಾರಿಸುತ್ತೇವೆ! ಬಾಂದು ಎಲ್ಲಿದೆ, ಕಾಲುವೆಯ ಪಾಳಿ ಯಾವಾಗ, ಉತಾರದಲ್ಲಿ ಯಾವ ಬ್ಯಾಂಕಿನ ಬೋಜಾ ಇದೆ. ಫ್ಲ್ಯಾಟಿನ ಮಟ್ಟಿಗೆ ಮಾತ್ರ ಬೆಲೆ ಎಷ್ಟು, ಕಂತು ಎಷ್ಟು ಎಂದಷ್ಟೇ ಕೇಳಿ ಸಹಿ ಹಾಕುತ್ತೇವೆ. ಸಾಲದ ಕಂತು ಇಪ್ಪತ್ತು ವರ್ಷಕ್ಕಾದರೂ ತೀರೀತು. ಮನೆಯೊಡೆಯರ ಸಂಘಕ್ಕೆ ತಿಂಗಳು ತಿಂಗಳು ಕಟ್ಟುವ ಪಟ್ಟಿ ತೀರುವುದೇ ಇಲ್ಲ. ಲಿಫ್ಟು, ಪಂಪು, ಜನರೇಟರು, ನೀರಿನ ಟ್ಯಾಂಕರು, ಕಾವಲು, ಎಲ್ಲವೂ ಅದರಲ್ಲೇ.

ಚದರಡಿಗೆ 3 ರೂಪಾಯಿ ಎಂದರೆ ಕಿವಿಗೆ ಹಗುರ. 1,200 ಚದರಡಿಗೆ ಅದು ತಿಂಗಳಿಗೆ 3,600, ವರ್ಷಕ್ಕೆ 43,200 ಆಗುತ್ತದೆ. ಆ 1,200ರಲ್ಲಿ ನಮ್ಮ ಗೋಡೆಯೊಳಗಿನ ನೆಲವೆಷ್ಟು, ಮೆಟ್ಟಿಲು ಪಡಸಾಲೆಗಳ ಪಾಲೆಷ್ಟು ಎಂಬುದನ್ನೂ ಕೇಳಬೇಕು. ಪಟ್ಟಿ ತಿಂಗಳಿಗೆ 7,500 ದಾಟಿ, ಸಂಘದ ವಾರ್ಷಿಕ ವಹಿವಾಟು 20 ಲಕ್ಷ ಮೀರಿದ್ದರೆ ಶೇಕಡಾ 18ರ ಜಿಎಸ್‌ಟಿ ಬೇರೆ.

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯನ್ನು ನೋಡಿರಿ. ಸಾಮಾನ್ಯ ಖರ್ಚನ್ನು ಅವರವರ ಅವಿಭಕ್ತ ಪಾಲಿಗೆ ತಕ್ಕಂತೆ ಹಂಚಬೇಕೆಂದು ಅದು ಹೇಳುತ್ತದೆ. ಅಂದ ಮೇಲೆ ಒಂದು ಕೋಣೆಯವನ ತಲೆಗೂ ನಾಲ್ಕು ಕೋಣೆಯವನ ತಲೆಗೂ ಒಂದೇ ಪಟ್ಟಿ ಹೊರಿಸುವುದು ಯಾವ ನ್ಯಾಯ? ಈಜುಕೊಳಕ್ಕೆ ನಾನು ಇಳಿಯುವುದಿಲ್ಲ, ಆದ್ದರಿಂದ ಕೊಡುವುದಿಲ್ಲ ಎನ್ನಲು ಮಾತ್ರ ಬರುವುದಿಲ್ಲ. ಹಳೆಯ ಫ್ಲ್ಯಾಟು ಕೊಂಡರೆ ಮಾರಿದವನ ಬಾಕಿಗೆ ಕೊಂಡವನೂ ಹೊಣೆ. ಆದರೆ ಅದೇ ಕಾಯಿದೆ ಒಂದು ಹಕ್ಕನ್ನೂ ಕೊಟ್ಟಿದೆ: ಬಾಕಿ ಎಷ್ಟೆಂದು ಸಂಘದ ಆಡಳಿತ ಮಂಡಳಿಯಿಂದ ಬರಹದಲ್ಲಿ ಪಡೆಯಬಹುದು, ಅದರಲ್ಲಿ ಬರೆದುದಕ್ಕಿಂತ ಹೆಚ್ಚಿನ ಬಾಕಿ ಕೊಂಡವನ ಮೇಲೆ ಬೀಳದು. ಈ ಹಕ್ಕನ್ನು ಕೇಳಿ ಪಡೆಯುವವರೇ ವಿರಳ.

ಹೊಸ ಕಟ್ಟಡವಾದರೆ 2016ರ ರೇರಾ ಕಾಯಿದೆ ಇದೆ. ಸಂಘವು ವಹಿಸಿಕೊಳ್ಳುವವರೆಗೆ ಕಟ್ಟಿದವನೇ ನ್ಯಾಯವಾದ ದರದಲ್ಲಿ ಸೌಕರ್ಯಗಳನ್ನು ನಡೆಸಬೇಕು. ಕರಾರು ಬರೆದು ನೋಂದಣಿ ಮಾಡದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ಆ ಕರಾರಿನಲ್ಲೇ ಕೇಳಿರಿ: ಎಷ್ಟು ತಿಂಗಳ ಪಟ್ಟಿ ಮುಂಗಡ? ಕಾಯ್ದಿಟ್ಟ ನಿಧಿ ಯಾರ ಖಾತೆಯಲ್ಲಿ? ಸಂಘದ ಕೈಗೆ ಅದು ಯಾವಾಗ?

ನಾವು ಪಟ್ಟಿಯ ವಿರೋಧಿಗಳಲ್ಲ. ಕಸ ಗುಡಿಸುವ ತಾಯಂದಿರ, ರಾತ್ರಿ ನಿಲ್ಲುವ ಕಾವಲುಗಾರನ ಸಂಬಳ ಅದರಿಂದಲೇ ಹುಟ್ಟಬೇಕು. ಪಟ್ಟಿ ಬಹಳ ಕಡಿಮೆ ಎಂದು ಯಾರಾದರೂ ಹೆಮ್ಮೆಪಟ್ಟರೆ ಆ ಸಂಬಳವೆಷ್ಟೆಂದು ಮೊದಲು ವಿಚಾರಿಸಿರಿ.

ಸಂಘ ನಡೆಸುವುದು ನಮಗೆ ಹೊಸದಲ್ಲ. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ ಐದರಲ್ಲಿ ಅದೊಂದು. ಕಂಬ, ತಂತಿಗಳ ಲೆಕ್ಕ ಕೇಳಬಲ್ಲ ಸೀಮೆಯವರು ಲಿಫ್ಟಿನ ಲೆಕ್ಕ ಕೇಳಲು ಏಕೆ ಸಂಕೋಚಪಡಬೇಕು? ಮಕ್ಕಳು ಫೋನು ಮಾಡಿ ಹಣ ಕೇಳಿದಾಗ ಆ ಸಂಘದ ಮೂರು ವರ್ಷದ ಜಮಾಖರ್ಚನ್ನು ತರಿಸಿರಿ. ಹೊಲದ ಮಾತು ಆಮೇಲೆ.